ಭಾಗಿ ಹುಟ್ಟಿದ ಜಾಗ

"ಏ ರಂಡೆ, ನಿಂತಲ್ಲೇ ನಿದ್ದಿ ಹೊಡ್ಯಾಕತ್ತೀಯೇನ? ಕೊಡ ಮುಂದಕ್ಕ! ಮಾಲು ಬಿಗೀತಂದ್ರ ನಿಮ್ಮಪ್ಪ ಬಂದು ಒಡೀತಾನೇನ?"

ಕೂಲಿಯವರನ್ನು ದುಡಿಸುವ ಮುಕಾದಮ ಪರಪ್ಪನ ಬೈಗುಳ ಕೆಳಗಿನ ಕಾಂಕ್ರೀಟು ಮಿಕ್ಸರಿನ ಗದ್ದಲವನ್ನೂ ಮೀರಿ ಬಂತು. ಚಂದ್ರವ್ವ ತನ್ನ ಕೈಯಲ್ಲಿದ್ದ ಕಬ್ಬಿಣದ ಬುಟ್ಟಿಯನ್ನು ಮೇಲಿದ್ದ ದಾನವ್ವನಿಗೆ ದಾಟಿಸಿದಳು. ಘಾಟ್ಕೋಪರಿನ ಆ ಬಿಲ್ಡಿಂಗಿನ ಮೂರನೆಯ ಮಾಳಿಗೆಗೆ ಅಂದು ಸ್ಲ್ಯಾಬ್ ಹಾಕುವ ದಿನ. ಸ್ಲ್ಯಾಬ್ ಅಂದರೆ ಹುಡುಗಾಟವಲ್ಲ. ಬೆಳಿಗ್ಗೆ ಕಾಯಿ ಒಡೆದು ಶುರು ಮಾಡಿದರೆ ಕಡೆಯ ಬುಟ್ಟಿ ಬೀಳುವ ತನಕ ನಿಲ್ಲಿಸುವಂತಿಲ್ಲ. ನಡುವೆ ನಿಂತರೆ ಮೊದಲು ಹಾಕಿದ ಕಾಂಕ್ರೀಟು ಬಿಗಿದು ಹೊಸದರ ಜೊತೆ ಕೂಡುವುದಿಲ್ಲ, ಇಂಜಿನಿಯರ್ ಬಂದು ಅಷ್ಟನ್ನೂ ಒಡೆಸುತ್ತಾನೆ. ಅದಕ್ಕೇ ಹೆಂಗಸರು ಬಿದಿರು ಕಟ್ಟಿ ಹಲಗೆ ಹಾಸಿದ ಏರಿನುದ್ದಕ್ಕೂ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಲೇ ಇರಬೇಕು. ಮೊಲೆಗೂಸು ಅತ್ತರೂ ಸಾಲು ಬಿಡುವಂತಿಲ್ಲ. ಉಚ್ಚೆಗೆ ಹೋಗಲು ಪರಪ್ಪನ ಅಪ್ಪಣೆ ಬೇಕು. ಆ ಭಾಡ್ಯಾ ಕೊಡುತ್ತಿರಲಿಲ್ಲ.

ಕೆಳಗೆ ಮರಳಿನ ಗುಡ್ಡೆಯ ಹತ್ತಿರ ಚಂದ್ರವ್ವನ ಮಗಳು ಭಾಗಿ ನಿಂತಿದ್ದಳು. ತೊಳೆದುಟ್ಟ ಬಿಳಿ ಸೀರೆಗೆ ಆಗಲೇ ಸಿಮೆಂಟಿನ ಧೂಳು ಕೂತಿತ್ತು. ಇಂಟರ್ ಸೈನ್ಸ್ ಪಾಸಾಗಿ ಡಾಕ್ಟರ್ ಕಾಲೇಜಿನ ಸೀಟಿಗೆ ಹೆಸರು ಬಂದ ಹುಡುಗಿ. ಹೌದು ಸ್ವಾಮಿ, ಬುಟ್ಟಿ ಹೊರುವವಳ ಮಗಳೇ! ಮನೆಗೆ ಮಾಸ್ತರರನ್ನು ಕರೆಸಿಕೊಂಡು, ಫ್ಯಾನಿನ ಕೆಳಗೆ ಕೂತು ಓದಿದ ಸಾವಿರಾರು ಮಕ್ಕಳು ಬೆರಳೆಣಿಕೆಯ ಸೀಟುಗಳಿಗೆ ಬಡಿದಾಡುವಾಗ, ಮುನಸಿಪಾಲ್ಟಿಯ ಕನ್ನಡ ಶಾಲೆಯಿಂದ ಮೇಲೆ ಬಂದ ಇವಳು ಅವರ ನಡುವೆ ನುಸುಳಿ ಮುಂದೆ ಹೋಗಿದ್ದಳು. ಆದರೆ ಇವತ್ತು ನಾಲ್ಕು ಗಂಟೆಯೊಳಗೆ, ಈ ಹುಡುಗಿ ಮುಂಬಯಿಯಲ್ಲೇ ಹುಟ್ಟಿದವಳು ಎಂಬ ಚೀಟಿ ಕಾಲೇಜಿಗೆ ಮುಟ್ಟದಿದ್ದರೆ ಸೀಟು ಹಿಂದಿನವರಿಗೆ ಹೋಗುತ್ತಿತ್ತು.

ನಿನ್ನೆ ಕಾಲೇಜಿನ ಕಿಟಕಿಯ ಹಿಂದಿದ್ದ ಗುಮಾಸ್ತ ಭಾಗಿಯ ಶಾಲೆಯ ಕಾಗದದ ಮೇಲೆ ಬೆರಳು ಕುಟ್ಟಿದ್ದ. "ಜನಮ್ ಬಿಜಾಪುರ್ ಲಿಖಾ ಹೈ. ಮದ್ರಾಸಿ ಲೋಗ್, ಯಹಾಂ ಆಕೆ ಹಮಾರೆ ಬಚ್ಚೋಂ ಕಾ ಸೀಟ್ ಖಾತೇ ಹೋ! ಯಹಾಂ ಕಾ ಜನಮ್ ದಿಖಾವ್, ನಹೀಂ ತೋ ಹಟೋ." ಹುಟ್ಟೂರು ಬಿಜಾಪುರ ಎಂದಿದೆ, ಇಲ್ಲಿ ಹುಟ್ಟಿದ್ದಕ್ಕೆ ಪುರಾವೆ ತೋರಿಸು, ಇಲ್ಲವೇ ಸರಿ ಎಂದು ಗದರಿದ್ದ.

ಎಲ್ಲ ಚಂದ್ರವ್ವನದೇ ಕರ್ಮ. ಮಗಳನ್ನು ಶಾಲೆಗೆ ಹಚ್ಚುವಾಗ ಮಾಸ್ತರರು ಹುಟ್ಟಿದ ಊರು ಕೇಳಿದ್ದರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಸೀಮಂತದ ಕುಪ್ಪಸ ತೊಡಿಸಿ ಕರೆದೊಯ್ಯಲು ತವರಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ, ಅಂಧೇರಿಯಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನಲ್ಲಿ ಸಿಮೆಂಟು ಚೀಲಗಳ ಮರೆಗೆ ಹೆತ್ತೆ ಎಂದು ನಾಲ್ಕು ಜನರ ಮುಂದೆ ಹೇಗೆ ಹೇಳುವುದು? ನಾಚಿಕೆಯಿಂದ, "ತವರಾಗ ಹಡದೇನ್ರಿ" ಎಂದು ತನ್ನ ಊರಿನ ಹೆಸರು ಬರೆಸಿಬಿಟ್ಟಿದ್ದಳು.

"ನಾನಽ ಹೊಕ್ಕಳ ಕೊಯ್ದಾಕಿರೀ ಸಾಹೇಬ್ರ, ನನ್ನ ಹೆಬ್ಬಟ್ಟ ತಗೋರಿ," ಎಂದು ನಿನ್ನೆ ಜೊತೆಗೆ ಹೋಗಿದ್ದ ದಾನವ್ವ ಆ ಕಿಟಕಿಯೊಳಗೆ ಕೈ ತೂರಿಸಿದ್ದಳು. ಗುಮಾಸ್ತ ಮೂಗು ಮುಚ್ಚಿಕೊಂಡ. ಕೆಲಸ ಕೊಟ್ಟ ಮಾಲಕನ ಸಹಿ ತಾ ಎಂದ. ಹಿಂದೆ ನಿಂತಿದ್ದ ಟೆರಿಲಿನ್ ಅಂಗಿಯ ಅಪ್ಪಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಹೆಸರು ಉದುರಿದರೆ ಅವರ ಮಕ್ಕಳು ಅಷ್ಟು ಮುಂದಕ್ಕೆ ಬರುತ್ತಿದ್ದರು.

ಊಟದ ಹೊತ್ತು ಮೀರಿದ ಮೇಲೆ ಮಾಲಕ ಬಸವಂತರಾಯ ಬಂದ. ಬಿಜಾಪುರ ಕಡೆಯ ಗೌಡಕಿ ಮನೆತನದವನು, ಊರ ಹೊಲಗೇರಿಯ ಜನರನ್ನು ರೈಲು ಹತ್ತಿಸಿಕೊಂಡು ಬಂದು ಮುಂಬಯಿಯಲ್ಲಿ ಗುತ್ತಿಗೆದಾರನಾದವನು. ಊರು ಬದಲಾದರೂ ಅವನೆದುರು ಚಪ್ಪಲಿ ಬಿಟ್ಟು ನಿಲ್ಲುವುದು ಬದಲಾಗಿರಲಿಲ್ಲ. ಅವನು ಏರು ಹತ್ತಿ ಮೇಲೆ ಬಂದದ್ದೇ ಚಂದ್ರವ್ವ ಸಾಲು ಬಿಟ್ಟು ಓಡಿದಳು.

"ಸಾವಕಾರ್ರ, ನಿನ್ನೆ ಪರಪ್ಪನ ಕೂಡ ಹೇಳಿ ಕಳಿಸಿದ್ದೆ. ನಮ್ಮ ಭಾಗಿ ಅಂಧೇರಿಯಾಗ ನಿಮ್ಮ ಕೆಲಸದ ಮ್ಯಾಲೆ ಹುಟ್ಟಿದಾಕಿ ಅಂತ ಎರಡು ಅಕ್ಷರ ಬರದು ಸಹಿ ಮಾಡ್ರೀ. ನಿಮ್ಮ ಕಾಲಿಗೆ ಬೀಳ್ತೇನಿ."

"ನಿನ್ನ ಬಸರು ಬಾಣಂತನ ಬರಕೋತ ಕುಂಡ್ರೂದು ನನ್ನ ದಂಧೆ ಏನ?" ಅವನು ಪರಪ್ಪನ ಕಡೆ ನೋಡಿದ. ಪರಪ್ಪ ಹಲ್ಲು ಕಿರಿದ. "ತವರಾಗ ಹಡದೇನಿ ಅಂತ ಸಾಲ್ಯಾಗ ಬರಿಸಿದಾಕಿ ನೀನಽ. ಸುಳ್ಳು ನೀ ಹೇಳಿ ಖರೇ ನಾ ಹೇಳಬೇಕೇನ?"

"ನಿಮಗ ಎಲ್ಲಾ ಗೊತ್ತೈತ್ರಿ. ಬಾಣಂತಿಗೆ ನೀರು ಕಾಸಾಕ ಸೆಂಟ್ರಿಂಗ್ ಹಲಗಿ ಒಲಿಗೆ ಹಾಕಿದ್ವಿ ಅಂತ ನನ್ನ ಪಗಾರ ಮುರಕೊಂಡವರು ನೀವಽ."

ಬಸವಂತರಾಯನ ಮುಖ ಬಿಗಿಯಿತು. "ಬಾಯಿ ಭಾಳ ಬಂತು. ನನ್ನ ಮಗನೂ ಅದಽ ಕಾಲೇಜಿಗೆ ಕಾದು ಕುಂತಾನ, ಗೊತ್ತದ ಇಲ್ಲ? ನಿನ್ನ ಮಗಳು ಹಿಂದ ಸರದ್ಲಂದ್ರ ಅಂವ ಒಂದು ಮೆಟ್ಟಲ ಮ್ಯಾಲ ಬರ್ತಾನ. ನಾ ಸಹಿ ಹಾಕಬೇಕ? ಹೊಲಗೇರಿ ಹುಡುಗಿ ನಾಳೆ ನನ್ನ ಕೈ ಹಿಡದು ನಾಡಿ ನೋಡಬೇಕ? ನಡಿ, ಸ್ಲ್ಯಾಬ್ ಮುಗೀಲಿ. ದೀಪಾ ಹಚ್ಚೂ ಹೊತ್ತಿಗೆ ಬಾ, ನೋಡೂಣಂತ."

ದೀಪ ಹಚ್ಚುವ ಹೊತ್ತಿಗೆ ಆ ಕಿಟಕಿ ಮುಚ್ಚಿ ಸೀಟು ಕೈಬಿಟ್ಟಿರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಚಂದ್ರವ್ವ ಅವನ ಕಾಲಿಗೆ ಬಗ್ಗಿದಳು. ಅಷ್ಟರಲ್ಲಿ ಭಾಗಿ ಮೇಲೆ ಹತ್ತಿ ಬಂದಿದ್ದಳು. ತಾಯಿಯ ತೋಳು ಹಿಡಿದು ಎಳೆದಳು.

"ಯವ್ವಾ, ಛೋಡ್ ನಾ. ಇವರ ಕಾಲು ಹಿಡೀಬ್ಯಾಡ. ನನಗ ಶರಮ್ ಆಗ್ತದ. ಬ್ಯಾರೆ ಏನರೆ ಕಲೀತೀನಿ."

"ಬಾಯಿ ಮುಚ್ಚು!" ಚಂದ್ರವ್ವ ಕೈ ಕೊಡವಿಕೊಂಡಳು. "ಅಕಿಗಿ ನಾಚಿಕಿ ಅಂತ! ನನ್ನ ನಾಚಿಕಿ ಸಾಕು, ಅದು ಇಷ್ಟು ಮಾಡೇತಿ."

ಅವಳು ಸಾಲಿಗೆ ಹೋಗಿ ತನ್ನ ಜಾಗದಲ್ಲಿ ನಿಂತಳು. ಕೆಳಗಿನಿಂದ ತುಂಬಿದ ಬುಟ್ಟಿ ಬಂತು. ತೆಗೆದುಕೊಂಡಳು, ಮುಂದಕ್ಕೆ ಕೊಡಲಿಲ್ಲ. ಕಾಲ ಬುಡದಲ್ಲಿ ಬೋರಲು ಹಾಕಿದಳು. ದಾನವ್ವ ಒಂದು ಗಳಿಗೆ ನೋಡಿ ತನ್ನ ಬರಿ ಬುಟ್ಟಿಯನ್ನೂ ಮಗುಚಿದಳು. ಆಚೆಯವಳೂ ಮಗುಚಿದಳು. ಸಾಲು ನಿಂತೇಬಿಟ್ಟಿತು. ಕೆಳಗೆ ಮಿಕ್ಸರ್ ಮಾತ್ರ ತಿರುಗುತ್ತ ಮಾಲನ್ನು ನೆಲಕ್ಕೆ ಕಕ್ಕುತ್ತಿತ್ತು.

"ಏ ಸೂಳೇರಾ, ಎತ್ತರಿ! ಎತ್ತರಿ ಅಂತೇನಿ!" ಪರಪ್ಪ ದಾನವ್ವನ ತುರುಬಿಗೆ ಕೈ ಹಾಕಿದ. ಅವಳು ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಮುಟ್ಟು ನೋಡೂಣ, ಹಾಟ್ಯಾ! ತಲಿ ಎರಡು ಹೋಳು ಮಾಡ್ತೇನಿ," ಎಂದಳು. ಪರಪ್ಪ ಹಿಂದೆ ಸರಿದ.

ಚಂದ್ರವ್ವ ಆಗಲೇ ಸ್ಲ್ಯಾಬಿನ ಮೇಲೆ ಹೋಗಿದ್ದಳು. ಸೀರೆ ಕಚ್ಚೆ ಬಿಗಿದು, ಈಗಷ್ಟೇ ಹರವಿದ ಹಸಿ ಕಾಂಕ್ರೀಟಿನಲ್ಲಿ ಕಾಲಿಟ್ಟು, ಕಬ್ಬಿಣದ ಸಲಾಕಿಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತಳು.

"ಹಿಂಗಽ ನಿಮ್ಮ ಸಿಮೆಂಟಿನಾಗ ಕುಂತು ಹಡದೇನಿ. ಅದನ್ನಽ ಬರೀರಿ. ಬರಿಯಂಗಿಲ್ಲಂದ್ರ ಉಳದ ಮಾಲು ನನ್ನ ಮ್ಯಾಲೆ ಸುರೀರಿ."

"ಪರ್ಯಾ! ಕೂಲಿ ಮಂದಿ ನಿಲ್ಲೂ ನಾಕಾಕ್ಕ ಓಡು, ಬ್ಯಾರೆ ಆಳು ಹಿಡಕೊಂಡು ಬಾ!" ಬಸವಂತರಾಯನ ಬಾಯಿಂದ ಎಂಜಲು ಸಿಡಿಯಿತು. "ಇವರನ್ನೆಲ್ಲ ಇವತ್ತಽ ಊರಿಗೆ ಹೊಡದು ಅಟ್ಟತೇನಿ."

"ಈ ಹೊತ್ತಿನಾಗ ನಾಕಾದಾಗ ಯಾರು ಸಿಗ್ತಾರ್ರಿ? ಮುಂಜಾನೇನಽ ಎಲ್ಲಾರೂ ಎದ್ದು ಹೋಗಿರ್ತಾರ," ಎಂದು ಪರಪ್ಪ ಗೊಣಗಿದ.

ಒಬ್ಬೊಬ್ಬಳಾಗಿ ಹೆಂಗಸರು ಬಂದು ಸ್ಲ್ಯಾಬಿನ ಅಂಚಿಗೆ ಕೂತರು. ಅರ್ಧ ತಾಸು ಹಾಗೇ ಕಳೆಯಿತು. ಸುಣ್ಣದಂಥ ಉರಿ ಚಂದ್ರವ್ವನ ಮೀನಖಂಡದಿಂದ ತೊಡೆಗೆ ಏರುತ್ತಿತ್ತು, ಅವಳು ಹಲ್ಲು ಕಚ್ಚಿ ಕೂತೇ ಇದ್ದಳು. ಭಾಗಿ ತಾಯಿಯನ್ನು ನೋಡಿದಳು. ಕಣ್ಣೊರೆಸಿಕೊಂಡು ಬಸವಂತರಾಯನ ಎದುರಿಗೆ ಬಂದು ಒಂದು ಬಿಳಿ ಹಾಳೆ ಹಿಡಿದಳು. ಅವಳ ಕಾಲಲ್ಲಿ ಚಪ್ಪಲಿ ಇತ್ತು.

"ಬರೀರಿ," ಎಂದಳು.

ಬಸವಂತರಾಯನ ಕೈ ಜೇಬಿನ ಪೆನ್ನಿನ ಮೇಲೆ ಹೋಯಿತು. ಅದನ್ನು ಹೊರಗೆ ತೆಗೆಯಲಿಲ್ಲ, ಕೈಯನ್ನೂ ಇಳಿಸಲಿಲ್ಲ. ಮಧ್ಯಾಹ್ನದ ಬಿಸಿಲು ಕಾಯುತ್ತಿತ್ತು. ಪರಪ್ಪ ಮಂಡಿಯೂರಿ ಚಂದ್ರವ್ವನ ಕಾಲಿನ ಪಕ್ಕದ ಕಾಂಕ್ರೀಟನ್ನು ಬೆರಳಿನಿಂದ ಒತ್ತಿ ನೋಡಿದ. ಬೆರಳು ಸಲೀಸಾಗಿ ಒಳಗೆ ಇಳಿಯಲಿಲ್ಲ.

"ಸಾವಕಾರ್ರ," ಎಂದ, "ಬಿಗ್ಯಾಕತ್ತೈತ್ರಿ."