ಬೇಕರಿಯ ಕಲ್ಲುಮೆಟ್ಟಿಲು

ಕಣಿವೆಯ ಮೇಲಿನ ಹೆದ್ದಾರಿ ಸೇತುವೆ ಬಿರುಕು ಬಿಟ್ಟು ಮುಚ್ಚಿದ ಮೇಲೆ, ಜರ್ಮನಿಯ ಅರ್ಧ ಲಾರಿಗಳು ತನ್ನ ಬೇಕರಿಯ ಮುಂದೆಯೇ ಹೋಗುತ್ತಿವೆ ಎಂದು ಅಲ್ವೀನೆಗೆ ಅನ್ನಿಸುತ್ತಿತ್ತು. ಗಿರಾಕಿಗಳು ರಸ್ತೆ ದಾಟಲು ಹೆದರಿ ಬರುವುದನ್ನೇ ಬಿಟ್ಟಿದ್ದರು. ಪಕ್ಕದ ಮನೆಯ ಲೋಥರನ ಹೆಂಡತಿಗೆ ಲಕ್ವ ಹೊಡೆದ ದಿನ ಆಂಬುಲೆನ್ಸು ಈ ಲಾರಿಗಳ ನಡುವೆ ಸಿಕ್ಕಿಕೊಂಡಿತು. ಆಕೆ ಬದುಕಿದಳು. ಬಲಗೈ ಮಾತ್ರ ಮತ್ತೆ ಏಳಲಿಲ್ಲ.

ಹಳೆಯ ಸೇತುವೆಯನ್ನು ಉರುಳಿಸಿ ಆಗಿತ್ತು. ಹೊಸದರ ಕೆಲಸ ಇಂದು ನಾಳೆ ಎನ್ನುತ್ತ ಕಾಲ ಸರಿದು, ಕೊನೆಗೂ ಮಾರ್ಚಿನ ಒಂದು ಬೆಳಿಗ್ಗೆ ಕಂಬಗಳ ಅಡಿಪಾಯ ಕೊರೆಯುವ ಯಂತ್ರ ಊರಿಗೆ ಬಂತು. ಅದನ್ನು ಹೊತ್ತ ಉದ್ದನೆಯ ಟ್ರೇಲರ್ ಬೇಕರಿಯ ತಿರುವಿನಲ್ಲಿ ಹಿಂದೆ ಮುಂದೆ ಒದ್ದಾಡಿ ನಿಂತೇಬಿಟ್ಟಿತು. ನಕ್ಷೆಯ ಪ್ರಕಾರ ತಿರುಗಲು ಜಾಗ ಸಾಕಷ್ಟಿತ್ತು. ಆದರೆ ಲಾರಿಗಳ ತುಳಿತಕ್ಕೆ ರಸ್ತೆಯ ಆಚೆ ಅಂಚು ಕುಸಿದಿತ್ತು. ಈಚೆಗೆ ಬಂದರೆ ಅಲ್ವೀನೆಯ ಕಲ್ಲುಮೆಟ್ಟಿಲು ಅಡ್ಡ.

ಸೇತುವೆ ಕೆಲಸದ ಎಂಜಿನಿಯರ್ ಹೆನ್ರೀಕೆ ಟೇಪು ಹಿಡಿದು ಅಳೆದಳು. ಮುಖ ಬಾಡಿತು.

"ವಾಪಸ್ ಕಳಿಸ್ಬೇಕು. ಇಷ್ಟು ದೊಡ್ಡದನ್ನ ತರೋಕೆ ಮತ್ತೆ ಪರ್ಮಿಶನ್ ಸಿಗೋದು ಯಾವಾಗ್ಲೋ."

ಅಲ್ವೀನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಆ ಕಲ್ಲುಗಳನ್ನು ಇಟ್ಟವನು ಅವಳ ಅಜ್ಜ. ಚಿಕ್ಕವಳಿದ್ದಾಗ ಅಲ್ಲೇ ಕೂತು ಸೀದ ಬ್ರೆಡ್ಡಿನ ತುದಿ ಕಡಿಯುತ್ತಿದ್ದಳು. ಒಳಗೆ ಹೋಗಿ, ಒಲೆಯಲ್ಲಿದ್ದ ಬ್ರೆಡ್ಡುಗಳನ್ನು ಒಂದೊಂದಾಗಿ ಹೊರತೆಗೆದಳು. ಆಮೇಲೆ ದೊಡ್ಡ ಸುತ್ತಿಗೆ ಹಿಡಿದು ಹಿತ್ತಲಿಂದ ಸುತ್ತಿ ಬಂದಳು.

"ಅಯ್ಯೋ, ಏನ್ ಮಾಡ್ತಿದೀರಿ? ನಿಮ್ಮ ಆಸ್ತಿ ಮುಟ್ಟೋಕೆ ನನಗೆ ಅಧಿಕಾರ ಇಲ್ಲ!" ಎಂದಳು ಹೆನ್ರೀಕೆ.

"ನಿಮ್ಗೆ ಮುಟ್ಟಿ ಅಂತ ಯಾರಮ್ಮ ಹೇಳಿದ್ದು? ಪಕ್ಕಕ್ಕೆ ನಿಲ್ಲಿ, ಚೂರು ಹಾರುತ್ತೆ."

ಮೊದಲ ಏಟಿಗೆ ಕಲ್ಲು ಮಿಸುಕಲಿಲ್ಲ. ಅಲ್ವೀನೆಯ ಭುಜ ಮಾತ್ರ ಜುಮ್ಮೆಂದಿತು. ಲೋಥರ ತನ್ನ ಗೇಟಿಗೆ ಒರಗಿ ನೋಡುತ್ತಿದ್ದ.

"ಹಿಟ್ಟು ನಾದಿದ ಹಾಗಲ್ಲ ಕಣೇ ಅದು. ಸಂದಿಗೆ ಹಾರೆ ಹಾಕ್ಬೇಕು."

"ಬಾಯಿ ಆಮೇಲೆ ಆಡ್ಸು. ಹಾರೆ ತಗೊಂಡ್ ಬಾ."

ಅವನು ಎರಡು ತಂದ. ಹಿಂದೆ ಸಿಕ್ಕಿಬಿದ್ದ ಲಾರಿಗಳ ಚಾಲಕರು ಮೊದಲು ಹಾರ್ನ್ ಹೊಡೆದರು, ಆಮೇಲೆ ಕೈಗವಸು ಹಾಕಿಕೊಂಡು ಇಳಿದು ಬಂದರು. ಮೇಲಿನ ಹಾಸುಗಲ್ಲು ಕಿತ್ತುಬಂದಾಗ ಅಲ್ವೀನೆ ಕೈ ಅಡ್ಡ ಹಿಡಿದಳು.

"ಒಡೀಬೇಡ್ರೋ ಅದನ್ನ. ಹಿತ್ತಲಿಗೆ ಹೊತ್ಕೊಂಡ್ ಹೋಗಿ."

ಕಲ್ಲಿನ ಒಂದು ತುದಿ ಎತ್ತಲು ಕೈ ಸಾಲದೆ ಹೋಯಿತು. ಹೆನ್ರೀಕೆ ಆಚೀಚೆ ನೋಡಿ, ತನ್ನ ಹೆಸರು ಬರೆದಿದ್ದ ಕೆಲಸದ ಕೋಟು ಕಳಚಿ ಗೇಟಿಗೆ ನೇತುಹಾಕಿ ಬಂದು ಕೈಜೋಡಿಸಿದಳು. "ಯಾರಾದ್ರೂ ಕೇಳಿದ್ರೆ ನಾನು ಇಲ್ಲಿ ಇರ್ಲೇ ಇಲ್ಲ."

"ನೀವು ಯಾರು ಅಂತಾನೇ ಗೊತ್ತಿಲ್ಲ ನಮಗೆ," ಎಂದ ಲೋಥರ.

ಮಧ್ಯಾಹ್ನದ ಹೊತ್ತಿಗೆ ಟ್ರೇಲರ್ ಗೋಡೆಯನ್ನು ಸವರಿಕೊಂಡಂತೆ ದಾಟಿತು. ಮೆಟ್ಟಿಲಿಲ್ಲದ ಬೇಕರಿಯ ಬಾಗಿಲು ನೆಲದಿಂದ ಸೊಂಟದೆತ್ತರದಲ್ಲಿ ಗಾಳಿಯಲ್ಲಿ ನಿಂತಂತಿತ್ತು. ಅಲ್ವೀನೆ ಬಿಯರ್ ಕ್ರೇಟುಗಳನ್ನು ಮೆಟ್ಟಿಲಿನ ಜಾಗದಲ್ಲಿ ಬೋರಲು ಹಾಕಿ, ಅವುಗಳನ್ನು ಹತ್ತಿ ಬಂದವರಿಗೆಲ್ಲ ಬ್ರೆಡ್ ಕೊಟ್ಟಳು. ಮೈಕೈ ನೋಯುತ್ತಿತ್ತು, ಮನಸ್ಸು ಮಾತ್ರ ಎಷ್ಟೋ ದಿನಗಳ ಮೇಲೆ ಹಗುರಾಗಿತ್ತು.

ಮರುದಿನ ಊರೇ ಕಣಿವೆಗಿಳಿಯಿತು. ಕೊರೆಯುವ ಸುರುಳಿ ನೆಲಕ್ಕೆ ಇಳಿದು, ಕಂದು ಮಣ್ಣನ್ನು ಎತ್ತಿ ಸುರಿಯಿತು.

"ಮುಗಿಯೋದು ಯಾವಾಗ?" ಯಂತ್ರದ ಸದ್ದನ್ನು ಮೀರಿಸಿ ಕೂಗಿದಳು ಅಲ್ವೀನೆ.

"ಎಲ್ಲ ಸರಿಹೋದ್ರೆ ನಾಲ್ಕು ವರ್ಷ!" ಎಂದಳು ಹೆನ್ರೀಕೆ.

"ಸರಿಹೋಗ್ದಿದ್ರೆ ನನ್ನ ಕರೀರಿ!"