ಮೊಣಕಾಲಿನ ಸಾಲು

ಮೂರು ತಿಂಗಳಿಂದ ನನ್ನ ಹೆಂಡತಿ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಯಾರಿಗೋ ಪತ್ರ ಬರೆಯುತ್ತಿದ್ದಳು. "ಪ್ರೀತಿಯ ತಮ್ಮನಿಗೆ" ಎಂದು ಗಟ್ಟಿಯಾಗಿ ಓದುವುದು, ಆಮೇಲೆ "ಊಹೂಂ, ಉದ್ದ ಆಯ್ತು" ಎಂದು ಗೊಣಗುವುದು ಗೋಡೆಯಾಚೆಗೂ ಕೇಳುತ್ತಿತ್ತು. ಅವಳಿಗೆ ತಮ್ಮನೇ ಇಲ್ಲ. ನಾನು ಶಾಂತ ಸ್ವಭಾವದವನು. ಆದ್ದರಿಂದ ಶಾಂತವಾಗಿಯೇ ಅನುಮಾನಪಟ್ಟೆ.

"ಯಾರೇ ಅವನು?"

"ಧಣಿಯ ತಮ್ಮ ರೀ. ನಾನು ಧಣಿಗೆ ವರ್ಚುವಲ್ ಅಸಿಸ್ಟೆಂಟ್, ಮನೆಯಿಂದಲೇ ಕೆಲಸ."

"ಅಂದ್ರೆ ಇದ್ದೂ ಇಲ್ಲದವಳಾ?"

"ನಿಮ್ಮ ಹಾಗೇ. ನನಗೆ ಸಂಬಳ ಕೊಡ್ತಾರೆ, ಅಷ್ಟೇ ವ್ಯತ್ಯಾಸ."

ಧಣಿಯನ್ನು ಅವಳು ಕಣ್ಣಾರೆ ಕಂಡಿಲ್ಲ. ಅಣ್ಣತಮ್ಮ ಸೇರಿ ಲಿಫ್ಟ್ ರಿಪೇರಿ ಕಂಪನಿ ನಡೆಸುತ್ತಾರೆ, ಆದರೆ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದಾರೆ. ಏನಿದ್ದರೂ ಬರಹದಲ್ಲಿ. ಅಣ್ಣ ಫೋನಿನಲ್ಲಿ ಕಿರುಚಿ ರೆಕಾರ್ಡ್ ಮಾಡಿ ಕಳಿಸುತ್ತಾನೆ; ಇವಳು ಅದನ್ನು ಮನುಷ್ಯರು ಓದುವಂಥ ಪತ್ರ ಮಾಡಿ ತಮ್ಮನಿಗೆ ಮೇಲ್ ಮಾಡುತ್ತಾಳೆ. ಒಮ್ಮೆ ಆ ರೆಕಾರ್ಡಿಂಗ್ ಕೇಳಿ ನಮ್ಮ ಗೋಡೆಯ ಹಲ್ಲಿ ಕೆಳಗೆ ಬಿದ್ದು, ಮೂರು ದಿನ ಗೋಡೆ ಹತ್ತದೆ ನೆಲದಲ್ಲೇ ಓಡಾಡಿತು. ಅಂಥದ್ದನ್ನು ಇವಳು ನಾಲ್ಕೇ ಸಾಲಿಗೆ ಇಳಿಸುತ್ತಿದ್ದಳು. ಧಣಿಗೆ ಅದನ್ನು ಓದಿ ನೋಡುವ ತಾಳ್ಮೆ ಇರಲಿಲ್ಲ. ಗಿರಾಕಿಗಳಿಗೂ ಇವಳೇ ಬರೆಯುತ್ತಿದ್ದುದರಿಂದ ಅವರು ಮಾತ್ರ ಹೆಚ್ಚಿದ್ದರು.

ಒಂದು ಬೆಳಿಗ್ಗೆ ತಮ್ಮನ ಉತ್ತರ ಬಂತು: "ನೀನು ಯಾರು? ನಮ್ಮಣ್ಣನ್ನ ಏನು ಮಾಡಿದೆ? ಅವನು ಬದುಕಿದ್ದಾನೆ ಅಂತ ಗೊತ್ತಾಗೋವರೆಗೆ ನಾನು ಯಾವುದಕ್ಕೂ ಸೈನ್ ಹಾಕಲ್ಲ."

ಹೊಸ ಗುತ್ತಿಗೆಗೆ ಅವನ ಸಹಿ ಬೇಕೇ ಬೇಕು. ಧಣಿಯ ರೆಕಾರ್ಡಿಂಗ್ ಚಿಕ್ಕದಾಗಿತ್ತು, ಅದೇ ಭಯ: "ಇವತ್ತು ಸಂಜೆಯೊಳಗೆ ಸೈನ್ ಬರಬೇಕಮ್ಮಾ. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಎಲ್ಲಿಗೆ ಬರಬೇಡ?" ಎಂದೆ.

"ತಮಾಷೆ ಸಾಕು ರೀ. ಕೈಗೆ ಬಂದ ಕೆಲಸ ಹೋಗ್ತಿದೆ."

"ಬೈಗುಳ ಇಲ್ಲ ಅಂತಲೇ ಅವನಿಗೆ ಅನುಮಾನ ಕಣೇ. ಎರಡು ಮೂರು ವಾಪಸ್ ಹಾಕು."

ಅವಳು ಬೈಗುಳ ಹುಡುಕಲು ಹಳೇ ರೆಕಾರ್ಡಿಂಗ್ ಹಾಕಿದಳು. ಕತ್ತೆ, ಕೋಡಂಗಿ, ತಲೆ ಕೆಟ್ಟವನೇ, ಎಲ್ಲ ಕ್ರಮವಾಗಿ ಬಂದವು. ಕೊನೆಯಲ್ಲಿ ಧ್ವನಿ ತಟ್ಟನೆ ಇಳಿಯಿತು: "ಮೊಣಕಾಲು ಹೇಗಿದೆ, ಕತ್ತೆ?"

"ಇದನ್ನ ಯಾಕೆ ಬಿಟ್ಟೆ?"

"ಆಫೀಸ್ ಪತ್ರದಲ್ಲಿ ಮೊಣಕಾಲಿಗೇನು ಕೆಲಸ? ಪ್ರತಿ ಸಲ ಕತ್ತರಿಸಿದ್ದೀನಿ."

ಹೇಳಿದವಳೇ ಕಂಪ್ಯೂಟರ್ ಕಡೆ ತಿರುಗಿದಳು. ತಾನು ಕೆಲಸಕ್ಕೆ ಸೇರುವ ಮೊದಲಿನ ಮೇಲ್‌ಗಳನ್ನು ಒಂದೊಂದಾಗಿ ತೆರೆದಳು. ಹನ್ನೊಂದು ವರ್ಷದ ಜಗಳ, ಪ್ರತಿ ಜಗಳದ ಬುಡದಲ್ಲೂ ಅದೇ ಪ್ರಶ್ನೆ. ತಮ್ಮ ಎಂದೋ ಲಿಫ್ಟ್ ಗುಂಡಿಗೆ ಬಿದ್ದು ಮೊಣಕಾಲು ಮುರಿದುಕೊಂಡಿದ್ದನಂತೆ, ಎತ್ತಿದ್ದು ಅಣ್ಣ. ತಮ್ಮನ ಉತ್ತರವೂ ಒಂದೇ: "ನೋಯ್ತಿದೆ. ನಿನಗೇನು?"

"ಮೂರು ತಿಂಗಳಿಂದ ಕೇಳೇ ಇಲ್ಲ," ಎಂದಳು. "ಸತ್ತಿದ್ದಾನೆ ಅಂದುಕೊಳ್ಳದೆ ಇನ್ನೇನು?"

ಬೇರೆ ಬೈಗುಳ ಹಾಕಲಿಲ್ಲ. ನಾಲ್ಕು ಸಾಲು ಅಚ್ಚುಕಟ್ಟಾಗಿ ಬರೆದಳು, ಐದನೆಯದಾಗಿ ಮೊಣಕಾಲಿನ ಸಾಲನ್ನು 'ಕತ್ತೆ' ಸಮೇತ ಹಾಗೇ ಇಟ್ಟಳು. ಅದರ ಕೆಳಗೆ ತನ್ನದೊಂದು: "ಈ ಸಾಲನ್ನು ಇಷ್ಟು ದಿನ ಕತ್ತರಿಸಿದ್ದು ಅವರಲ್ಲ, ನಾನು. ಅವರ ಅಸಿಸ್ಟೆಂಟ್."

ನಾನು ಎರಡು ಲೋಟ ಚಹಾ ಮಾಡಿ, ಎರಡನ್ನೂ ನಾನೇ ಕುಡಿದೆ. ಸಂಜೆಗೆ ಮೊದಲೇ ಸಹಿ ಬಂತು. ಜೊತೆಗೆ: "ನೋಯ್ತಿದೆ. ನಿನಗೇನು? ಆ ಅಸಿಸ್ಟೆಂಟ್‌ಗೆ ನನಗೂ ಪತ್ರ ಬರೆದುಕೊಡೋಕೆ ಹೇಳು. ನನ್ನ ಪತ್ರ ಓದಿ ಗಿರಾಕಿಗಳು ಓಡ್ತಿದ್ದಾರೆ."

ಈಗ ಆ ಜಗಳದ ಎರಡೂ ಕಡೆ ನಮ್ಮ ಮನೆಯಲ್ಲೇ ನಡೆಯುತ್ತದೆ. ಬೆಳಿಗ್ಗೆ ಅಣ್ಣನಾಗಿ ಬರೆಯುತ್ತಾಳೆ, ಮಧ್ಯಾಹ್ನ ತಮ್ಮನಾಗಿ ಉತ್ತರಿಸುತ್ತಾಳೆ. ನಿನ್ನೆ ತಮ್ಮನ ಉತ್ತರ ಎಷ್ಟು ಚೆನ್ನಾಗಿ ಚುಚ್ಚುವಂತೆ ಬಂತೆಂದರೆ, ಅವಳೇ ಮುಖ ಊದಿಸಿಕೊಂಡು ಹೊರಗೆ ಬಂದಳು. ಊಟಕ್ಕೆ ಕೂತರೂ ಮಾತಿಲ್ಲ.

ಕೋಪ ಅಣ್ಣನದೋ, ಹೆಂಡತಿಯದೋ ಎಂದು ಅನುಮಾನದಿಂದಲೇ ನೋಡಿದೆ. ಆಮೇಲೆ ಮೆಲ್ಲಗೆ ಕೇಳಿದೆ: "ಮೊಣಕಾಲು ಹೇಗಿದೆ?"

ನಕ್ಕುಬಿಟ್ಟಳು. 'ಕತ್ತೆ' ಅನ್ನುವುದನ್ನು ಮಾತ್ರ ನಾನೇ ಕತ್ತರಿಸಿದ್ದೆ. ಎಡಿಟಿಂಗ್ ನನಗೂ ಸ್ವಲ್ಪ ಬರುತ್ತದೆ.