ಊರಿಗೆಲ್ಲ ಒಂದೇ ಬಾಗಿಲು

ಭಾನುವಾರ ವಾವಾಉ ದ್ವೀಪದಲ್ಲಿ ದೇವರ ಹೊರತು ಯಾರೂ ಕೆಲಸ ಮಾಡುವುದಿಲ್ಲ. ಹಾಗಾಗಿ ಆಸ್ಟ್ರೇಲಿಯಾದ ತೋಟಗಳಲ್ಲಿ ಹಣ್ಣು ಕೀಳಲು ಹೋಗಬೇಕೆಂದವರೆಲ್ಲ ಸೋಮವಾರ ಬೆಳಿಗ್ಗೆ ಒಟ್ಟಿಗೇ ಚರ್ಚಿನ ಹಾಲ್‌ಗೆ ನುಗ್ಗಿದರು. ಅರ್ಜಿ ಹಾಕಲು ಮಧ್ಯಾಹ್ನವೇ ಕೊನೆ. ಹೀಗೆ ನೂಕುನುಗ್ಗಲಾಗುತ್ತದೆಂಬುದನ್ನು ಲೋಸಲೀನೆ ಮರೆತೇಬಿಟ್ಟಿದ್ದಳು. ಹುಟ್ಟಿದಾಗಿನಿಂದ ಇಲ್ಲೇ ಇದ್ದವಳು ಮರೆಯುವಂಥದ್ದೇ ಇದು?

ಅರ್ಜಿ ತುಂಬಲೆಂದು ಉದ್ಯೋಗ ಕಚೇರಿ ಹಾಲ್‌ನಲ್ಲಿ ಇಟ್ಟಿದ್ದ ಕಂಪ್ಯೂಟರುಗಳು ಅವಳ ಉಸ್ತುವಾರಿಯಲ್ಲಿದ್ದವು. ಕಚೇರಿಯ ವೆಬ್‌ಸೈಟಿಗೆ ಹೊರಗಿನ ಕಳ್ಳರು ನುಗ್ಗದಂತೆ ಕಾಯಲು ಒಂದು ಫೈರ್‌ವಾಲ್ ಇತ್ತು. ಅದನ್ನೇ ತಿರುವುಮುರುವು ಮಾಡಿ, ಹಾಲ್‌ನಿಂದ ಹೊರಗಿನ ವೆಬ್‌ಸೈಟುಗಳಿಗೆ ಹೋಗುವವರನ್ನೂ ಅದರ ಮೂಲಕವೇ ದಾಟಿಸಿದ್ದಳು. ಅದು ಆ ಕೆಲಸಕ್ಕಲ್ಲ ಎಂದು ಮಾರಿದವನೇ ಹೇಳಿದ್ದ. ಕೇಳುವವರಾರು! ಖರ್ಚು ಉಳಿಯಿತೆಂದು ಮೇಲಧಿಕಾರಿ ಬೆನ್ನು ತಟ್ಟಿದ್ದು ಅವಳ ತಲೆಗೇರಿತ್ತು.

ಈಗ ಊರಿಗೆ ಊರೇ ಆ ಒಂದೇ ಬಾಗಿಲಿನಿಂದ ಹೊರಟಿತು. ಅರ್ಜಿ ಸೇರಬೇಕಾದ ಆಸ್ಟ್ರೇಲಿಯಾದ ಸೈಟಿಗೆ ಎಲ್ಲರೂ ಬಂದಂತೆ ಕಂಡದ್ದು ಒಂದೇ ವಿಳಾಸದಿಂದ; ಯಾವನೋ ಪುಂಡ ಬಿಡದೆ ಕದ ಬಡಿಯುತ್ತಿದ್ದಾನೆಂದು ಅದು ಅಗುಳಿ ಹಾಕಿಕೊಂಡಿತು.

"ಏನಾಯ್ತೇ ಲೋಸಾ, ನಿನ್ನ ಡಬ್ಬ ನಿದ್ದೆ ಹೋಯ್ತಾ?" ಎಂದಳು ಮೆಲೆನಾಯಿತೆ ಅತ್ತೆ. ನಸುಕಿನಲ್ಲೇ ಬಂದು ಮಗ ಫಿನಾವುನನ್ನು ಸಾಲಿನಲ್ಲಿ ಮೊದಲಿಗೆ ನಿಲ್ಲಿಸಿದ್ದವಳು ಅವಳು.

"ಆ ಕಡೆಯವ್ರದೇ ತೊಂದ್ರೆ ಅತ್ತೆ."

ಸುಳ್ಳು ಸರಾಗವಾಗಿ ಬಂತು. ಆ ಕಡೆಯವರಿಗೆ ಫೋನ್ ಮಾಡಿದರೆ ಬರೀ ಸಂಗೀತ. ಅಗುಳಿ ತೆಗೆಯಬೇಕಾದವರು ಅವರೇ.

ಹಾಲ್‌ನಲ್ಲಿ ಸಿಗ್ನಲ್ ಹಿಡಿಯುತ್ತಿದ್ದದ್ದು ಕಚೇರಿ ಕೊಟ್ಟಿದ್ದ ಅವಳ ಮೊಬೈಲ್ ಒಂದೇ. ಅದರ ದಾರಿ ಬೇರೆ, ಫೈರ್‌ವಾಲಿನ ಬಾಗಿಲು ಅದಕ್ಕೆ ಬೇಕಿರಲಿಲ್ಲ. ಆದರೆ ಮಧ್ಯಾಹ್ನಕ್ಕೆ ಉಳಿದ ಹೊತ್ತಿನಲ್ಲಿ ಒಬ್ಬರ ಅರ್ಜಿ ಹೋದರೆ ಹೆಚ್ಚು. ಅವಳ ತಮ್ಮ ಮಾಕಾ ಸಾಲಿನ ಕೊನೆಯಲ್ಲಿ ನಿಂತಿದ್ದ. ಹೆಂಡತಿ ಬಸುರಿ, ಹೋದ ವರ್ಷವೂ ಅವನಿಗೆ ಅವಕಾಶ ತಪ್ಪಿತ್ತು. ಲೋಸಲೀನೆ ಕಂಪ್ಯೂಟರಿನ ಮರೆಗೆ ಬಗ್ಗಿ ಮೊಬೈಲಿನಲ್ಲಿ ಮಾಕಾನ ಹೆಸರು ತುಂಬಿದಳು. ಸಾಲಿನಲ್ಲಿ ಮೊದಲಿದ್ದ ಫಿನಾವುನ ಕಡೆ ತಲೆ ಎತ್ತದೆ ಅರ್ಜಿ ಕಳಿಸಿದಳು.

ಮಾಕಾನಿಗೆ ಕೆಲಸ ಸಿಕ್ಕಿತು. ಅವನು ಹೊರಡುವ ದಿನ ಕಾದ ಕಲ್ಲಿನ ಗುಂಡಿಯಲ್ಲಿ ಹಂದಿ ಬೆಂದಿತು. ಅವನ ಅರ್ಜಿ ಅದೃಷ್ಟದಿಂದ ದಾಟಿತೆಂದು ನಂಬಿದ್ದ ಊರವರೆಲ್ಲ ಬಂದರು.

"ನೀನೂ ಪಾಪ ಎಷ್ಟು ಒದ್ದಾಡಿದೆ. ಒಬ್ಬನಾದ್ರೂ ಹೋದನಲ್ಲ, ದೇವರು ದೊಡ್ಡವನು," ಎಂದು ಒಬ್ಬೊಬ್ಬರೂ ಅವಳ ಕೈ ಹಿಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ, ಈ ಒಳ್ಳೆಯ ಮಾತನ್ನು ತಡೆಯಲಾಗಲಿಲ್ಲ.

ಕೊನೆಗೆ ಅತ್ತೆಯ ಪಕ್ಕ ಚಾಪೆಯ ಮೇಲೆ ಕುಸಿದಳು. "ಅತ್ತೆ, ತಪ್ಪು ಆ ಕಡೆಯವ್ರದಲ್ಲ. ಎಲ್ಲರನ್ನೂ ಒಂದೇ ಬಾಗಿಲಲ್ಲಿ ತುರುಕಿದ್ದು ನಾನು."

"ಅದೆಂಥ ಬಾಗಿಲೋ ನಂಗೆ ತಿಳಿಯಲ್ಲ ಮಾರಾಯ್ತಿ. ತಪ್ಪು ಎಲ್ರಿಂದಲೂ ಆಗುತ್ತೆ." ಅತ್ತೆ ಎಲುಬು ಚೀಪಿ ಪಕ್ಕಕ್ಕಿಟ್ಟಳು. "ಆದ್ರೆ ನೀನು ಫೋನ್ ಹಿಡ್ಕೊಂಡು ಬಗ್ಗಿದಾಗ ನಾನು ನಿನ್ನ ಬೆನ್ನ ಹಿಂದೇನೇ ನಿಂತಿದ್ದೆ ಕಣೇ."

ಲೋಸಲೀನೆ ತನ್ನ ತಟ್ಟೆಯನ್ನು ದೂರ ಸರಿಸಿದಳು.

ಅತ್ತೆ ಅವಳ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು. "ತಿನ್ನು. ಫಿನಾವುಗೆ ನಾನೇನೂ ಹೇಳಿಲ್ಲ. ಅವನೇ ನಿನ್ನ ತಮ್ಮನ ಪೆಟ್ಟಿಗೆ ಹೊತ್ಕೊಂಡು ಹಡಗಿನ ತನಕ ಹೋಗಿದಾನೆ."